ಸಿನಿಮಾ ಮಾಡಿದರೆ ಸಪ್ಪೆ, ರಂಗದ ಮೇಲಿನದನ್ನೇ ಶೂಟ್ ಮಾಡಿದರೆ ಸೊಗಸು. ಯಾಕೆ ಹೀಗೆ?

ಕೊನೆಸಾಲಿನ_ಸೀಟು

ಲಾಕ್‌ಡೌನಿನಲ್ಲಿ ಅಂಟಿಕೊಂಡ ಚಟ ಇದು, ಇನ್ನೂ ಬಿಟ್ಟಿಲ್ಲ. 2020ರ ಜುಲೈ 3ಕ್ಕೆ ‘ಹ್ಯಾಮಿಲ್ಟನ್’ ನಾಟಕದ ರೆಕಾರ್ಡಿಂಗ್ ಡಿಸ್ನಿಯ ಒಟಿಟಿಗೆ ಬಂತಲ್ಲ, ಸುಮ್ನೆ ಹತ್ತು ನಿಮಿಷ ನೋಡೋಣ ಅಂತ ಹಾಕಿದೆ. ಎರಡು ಗಂಟೆ ನಲವತ್ತು ನಿಮಿಷ ಕೂತುಬಿಟ್ಟೆ. ಅಮೆರಿಕದ ಮೊದಲ ಹಣಕಾಸು ಮಂತ್ರಿಯ ಕಥೆ, ಅದೂ ರ‍್ಯಾಪ್‌ನಲ್ಲಿ. ನನಗೂ ಅದಕ್ಕೂ ಎಲ್ಲಿಗೆಲ್ಲಿಯ ಸಂಬಂಧ!

ಪಕ್ಕದಲ್ಲಿ ಅಮ್ಮ ಬಟ್ಟೆ ಮಡಚುತ್ತಿದ್ದರು. ಆ ವೇಗದ ಇಂಗ್ಲಿಷ್ ಅವರಿಗೆ ಒಂದಕ್ಷರ ಹತ್ತಲಿಲ್ಲ. ಆದರೆ ಇಂಗ್ಲೆಂಡಿನ ರಾಜ ಕಿರೀಟ ಹಾಕಿಕೊಂಡು ಬಂದು ಒಬ್ಬನೇ ನಿಂತು ಹಾಡುತ್ತಾನಲ್ಲ, ಅಲ್ಲಿ ಕೈ ನಿಂತಿತು. “ಏ, ಅವನ ಬಾಯಿಂದ ಉಗುಳು ಇಳೀತಿದೆ ನೋಡೋ” ಅಂದರು. ನಿಜ. ಜೊನಾಥನ್ ಗ್ರಾಫ್‌ನ ಗಲ್ಲದ ಮೇಲೆ ಎಂಜಲು ಹೊಳೆಯುತ್ತಿತ್ತು. ಆತ ಒರೆಸಿಕೊಳ್ಳಲೇ ಇಲ್ಲ. ಹಾಡು ಮುಗಿಯುವವರೆಗೆ ಕಣ್ಣೂ ಅಲುಗಿಸದೆ ನಿಂತಿದ್ದ. ಸಿನಿಮಾ ಆಗಿದ್ದರೆ “ಕಟ್, ಒನ್ ಮೋರ್” ಅನ್ನುತ್ತಿದ್ದರು, ಮೇಕಪ್‌ನವರು ಓಡಿ ಬರುತ್ತಿದ್ದರು.

ಅಲ್ಲಿಂದ ಹುಡುಕಿ ಹುಡುಕಿ ನೋಡಿದ್ದು: ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ 2011ರಲ್ಲಿ ಶೂಟ್ ಆದ ‘ಫ್ಯಾಂಟಮ್ ಆಫ್ ದಿ ಆಪೆರಾ’, ‘ಲೆ ಮಿಸರಾಬ್ಲ’ದ ವಾರ್ಷಿಕೋತ್ಸವದ ಎರಡು ಕಾರ್ಯಕ್ರಮ, 1998ರ ‘ಕ್ಯಾಟ್ಸ್’. ಈ ಮೂರಕ್ಕೂ ಸಿನಿಮಾ ಅವತಾರವೂ ಇದೆ. 2004, 2012, 2019. ದುಡ್ಡು ಸುರಿದು ಮಾಡಿದವು. ಆ ಮೂರನ್ನೂ ಒಂದೊಂದು ಸಲ ನೋಡಿ ಮುಗಿಸಿದೆ. ರಂಗದ ರೆಕಾರ್ಡಿಂಗುಗಳನ್ನು ಮಾತ್ರ ಮತ್ತೆ ಮತ್ತೆ ಹಾಕುತ್ತೇನೆ.

‘ಫ್ಯಾಂಟಮ್’ ಕಥೆಯಲ್ಲಿ ಬೀಳುವ ದೀಪದ ಗೊಂಚಲನ್ನೇ ತೆಗೆದುಕೊಳ್ಳಿ. ಸಿನಿಮಾದಲ್ಲಿ ಅದು ಥಿಯೇಟರಿನ ಮೇಲೆ ಬಿದ್ದು ಬೆಂಕಿಯೇ ಹತ್ತಿಕೊಳ್ಳುತ್ತದೆ. ಆಲ್ಬರ್ಟ್ ಹಾಲಿನಲ್ಲಿ ಗೊಂಚಲು ಬೀಳಿಸಲು ಆಗುವುದಿಲ್ಲ, ಕಟ್ಟಡ ಹಾಗಿದೆ. ಕಿಡಿ ಹಾರಿಸಿ ಬಿಟ್ಟರು, ಅಷ್ಟೇ. ಬೀಳದ ಗೊಂಚಲು ನೋಡಿ ನನ್ನ ಮೈ ಜುಮ್ ಅಂದಿತು. ಬಿದ್ದದ್ದು ನೋಡಿದಾಗ ಏನೂ ಆಗಲಿಲ್ಲ. ಯಾಕೆ ಅಂತ ಹೇಳ್ತೀರಾ?


ಸುಮ್ನೆ_ಓದುವವ

ನಿಮ್ಮ ಅಮ್ಮ ಆಗಲೇ ಹೇಳಿದ್ದಾರಲ್ಲ. ಉಗುಳು.


ಕಟ್_ಟು_ಕ್ಲೋಸಪ್

ನನ್ನ ಹೊಟ್ಟೆಪಾಡು ಎಡಿಟಿಂಗ್. ಬೆಂಗಳೂರಿನ ಹವ್ಯಾಸಿ ತಂಡಗಳ ನಾಟಕಗಳನ್ನೂ ಆಗಾಗ ಶೂಟ್ ಮಾಡಿ ಕೊಡುತ್ತೇನೆ. ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಮೊದಲು ಒಂದು ಭ್ರಮೆ ಬಿಡಿಸಬೇಕು. “ಥಿಯೇಟರಿನಲ್ಲೇ ಕೂತ ಹಾಗಿತ್ತು” ಅಂತ ಎಲ್ಲರೂ ಹೇಳುತ್ತಾರೆ. ಇಲ್ಲ ಸ್ವಾಮಿ. ಥಿಯೇಟರಿನಲ್ಲಿ ಕೂತ ಯಾರಿಗೂ ಹಾಗೆ ಕಂಡಿಲ್ಲ. ಆ ಉಗುಳು ಮೊದಲ ಸಾಲಿನವರಿಗೆ ಕಂಡಿರಬಹುದು. ಆದರೆ ಮೊದಲ ಸಾಲಿನವರಿಗೆ ರಂಗದ ನೆಲ ಕಾಣುವುದಿಲ್ಲ. ‘ಹ್ಯಾಮಿಲ್ಟನ್’ ರಂಗದ ನೆಲದಲ್ಲಿ ಒಂದರೊಳಗೊಂದು ಎರಡು ತಿರುಗುವ ಚಕ್ರಗಳಿವೆ, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಅದರ ಅಂದ ಕಾಣುವುದು ಬಾಲ್ಕನಿಯವರಿಗೆ. ರೆಕಾರ್ಡಿಂಗಿನಲ್ಲಿ ನಿಮಗೆ ಎರಡೂ ಸಿಕ್ಕಿತು. ಇಲ್ಲದ ಒಂದು ಸೀಟಿನಲ್ಲಿ ನಿಮ್ಮನ್ನು ಕೂರಿಸಿದ್ದಾರೆ.

ಶೂಟ್ ಆದದ್ದು 2016ರ ಜೂನ್ ಕೊನೆಯಲ್ಲಿ, ನ್ಯೂಯಾರ್ಕಿನ ರಿಚರ್ಡ್ ರಾಡ್ಜರ್ಸ್ ಥಿಯೇಟರಿನಲ್ಲಿ. ಭಾನುವಾರದ ಒಂದು ಆಟ, ಮಂಗಳವಾರದ ಒಂದು ಆಟ. ಎರಡಕ್ಕೂ ನಿಜವಾದ ಪ್ರೇಕ್ಷಕರು. ನಡುವೆ ಖಾಲಿ ಥಿಯೇಟರಿನಲ್ಲಿ ಕೆಲವು ಹಾಡುಗಳನ್ನು ಮತ್ತೆ ಆಡಿಸಿ, ಕ್ರೇನ್ ಮತ್ತು ಸ್ಟೆಡಿಕ್ಯಾಮ್ (ಹೊತ್ತು ನಡೆದರೂ ಚಿತ್ರ ಅಲುಗದ ಕ್ಯಾಮರಾ) ತಂದು ಹತ್ತಿರದಿಂದ ತೆಗೆದರು. ಅಂದರೆ ನೀವು ನೋಡಿದ “ಒಂದು ರಾತ್ರಿ” ಅನ್ನುವುದು ಮೂರು ದಿನಗಳ ಹೊಲಿಗೆ. ಹೊಲಿಗೆ ಕಾಣುವುದಿಲ್ಲ, ಅದು ಎಡಿಟರನ ಕೈಚಳಕ. ನಾಟಕದ ನಿರ್ದೇಶಕ ಥಾಮಸ್ ಕೇಲ್ ಅವರೇ ಇದಕ್ಕೂ ನಿರ್ದೇಶಕರು. ಯಾವ ಕ್ಷಣಕ್ಕೆ ಎಲ್ಲಿ ನೋಡಬೇಕು ಅಂತ ಅವರಿಗೆ ಬಾಯಿಪಾಠ ಇತ್ತು.

ಇನ್ನೊಂದು ವಿಷಯ, ಯಾರೂ ಮಾತಾಡದ್ದು: ಬೆಳಕು. ರಂಗದ ಬೆಳಕನ್ನು ಕಣ್ಣಿಗಾಗಿ ಮಾಡಿರುತ್ತಾರೆ, ಕ್ಯಾಮರಾಕ್ಕಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಕ್ಯಾಮರಾ ಹೊಂದಿಕೊಳ್ಳುವುದಿಲ್ಲ. ಒಂದು ಸ್ಪಾಟ್‌ಲೈಟ್ ಬಿದ್ದರೆ ಮುಖ ಸುಣ್ಣ ಬಳಿದ ಗೋಡೆ ಆಗುತ್ತದೆ, ಹಿಂದೆ ನಿಂತವರು ಮಾಯ. ನಾನು ಶೂಟ್ ಮಾಡಿದ ಮೊದಲ ನಾಟಕದಲ್ಲಿ ನಾಯಕಿಗೆ ಮೂಗೇ ಇರಲಿಲ್ಲ. ಬೆಳಕಿನವರ ಹತ್ತಿರ “ಸ್ವಲ್ಪ ಇಳಿಸಿ” ಅಂದೆ. “ನಾಟಕ ಬಂದವರಿಗೋ ನಿನ್ನ ಡಬ್ಬಿಗೋ?” ಅಂದರು. ಸರಿಯಾದ ಪ್ರಶ್ನೆಯೇ ಅದು.


ಹಾರ್ಮೋನಿಯಂ_ಮೇಷ್ಟ್ರು

ನಿಮ್ಮೆಲ್ಲರ ಉತ್ಸಾಹಕ್ಕೆ ತಣ್ಣೀರು ಎರಚುವ ಮುದುಕ ನಾನು. ಬೇಸರ ಬೇಡ.

ನಮ್ಮ ತಂದೆ ಕಂಪನಿ ನಾಟಕದಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ನಾನು ಸೈಡ್‌ವಿಂಗಿನಲ್ಲಿ ಬೆಳೆದವನು. ಅಲ್ಲಿ ಹಾಡು ಚೆನ್ನಾಗಿ ಬಂದರೆ ಜನ “ಒನ್ಸ್ ಮೋರ್” ಅಂತ ಕೂಗುತ್ತಿದ್ದರು. ಸತ್ತು ಬಿದ್ದವನು ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕಿತ್ತು. ತಮಾಷೆಗೆ ಹೇಳುತ್ತಿಲ್ಲ. ಅಂದರೆ ನಾಟಕ ಎಷ್ಟು ಹೊತ್ತು ನಡೆಯಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಚಾಪೆ ಮೇಲೆ ಕೂತವರು. ಮುಂದೆ ಕೂತವರು ತಣ್ಣಗಿದ್ದರೆ ತಂದೆ ಒಂದು ಮನೆ ಶ್ರುತಿ ಏರಿಸಿ ಜನರನ್ನು ಎಬ್ಬಿಸುತ್ತಿದ್ದರು.

ನಿಮ್ಮ ರೆಕಾರ್ಡಿಂಗಿನಲ್ಲಿ ಚಪ್ಪಾಳೆ ಇದೆ, ಸರಿ. ಅದು ಯಾರ ಚಪ್ಪಾಳೆ? 2016ರಲ್ಲಿ ನ್ಯೂಯಾರ್ಕಿನಲ್ಲಿ ಕೂತಿದ್ದವರದು. ನೀವು ಸೋಫಾ ಮೇಲಿಂದ ಎಷ್ಟು ಒನ್ಸ್ ಮೋರ್ ಕೂಗಿದರೂ ಆ ರಾಜ ತಿರುಗಿ ನೋಡುವುದಿಲ್ಲ. ಇನ್ನೊಬ್ಬರ ಮನೆಯ ಮದುವೆ ವಿಡಿಯೋ ನೋಡಿದ ಹಾಗೆ. ಊಟದ ಎಲೆ ಕಾಣುತ್ತದೆ, ಹೊಟ್ಟೆ ತುಂಬುವುದಿಲ್ಲ.


ಕೊನೆಸಾಲಿನ_ಸೀಟು

ಮೇಷ್ಟ್ರೇ, ಮದುವೆ ವಿಡಿಯೋ ಹೋಲಿಕೆಗೆ ಸೋತೆ. ಆದರೆ ಒಂದು ಮಾತು ಕೇಳಿ.

‘ಹ್ಯಾಮಿಲ್ಟನ್’ನಲ್ಲಿ ಯುದ್ಧದ ಹೊತ್ತಿಗೆ ಇಬ್ಬರು ಕೈ ಕೈ ತಟ್ಟಿಕೊಂಡು, ವಲಸೆ ಬಂದವರು ಕೆಲಸ ಮುಗಿಸಿಯೇ ತೀರುತ್ತಾರೆ ಅನ್ನುವ ಅರ್ಥದ ಸಾಲು ಹೇಳುತ್ತಾರೆ. ಅಲ್ಲಿ ಜನ ದಿನಾ ಎಷ್ಟು ಚಪ್ಪಾಳೆ ಹೊಡೆದರೆಂದರೆ ಮುಂದಿನ ಸಾಲು ಕೇಳದೆ ಹೋಗುತ್ತಿತ್ತಂತೆ. ಕೊನೆಗೆ ಅಲ್ಲಿ ಸಂಗೀತವನ್ನೇ ಸ್ವಲ್ಪ ಉದ್ದ ಮಾಡಿದರು. ಆ ನಿಲುಗಡೆ ರೆಕಾರ್ಡಿಂಗಿನಲ್ಲಿ ಇದೆ. ಅದು ನಿಮ್ಮ ಒನ್ಸ್ ಮೋರ್‌ನ ಮೊಮ್ಮಗನೇ ಅಲ್ವಾ? ನಾನು ಕೂಗಿದ್ದಲ್ಲ, ಒಪ್ಪಿದೆ. ಆದರೆ ಯಾರೋ ಕೂಗಿದ್ದರಿಂದ ನಾಟಕ ಬದಲಾಯಿತು ಅನ್ನುವ ಗುರುತು ಅದರ ಮೈಮೇಲೆ ಉಳಿದಿದೆ. ಸಿನಿಮಾದ ಮೈಮೇಲೆ ಆ ಥರ ಗಾಯದ ಗುರುತು ಇರುವುದಿಲ್ಲ.


ಬೆಕ್ಕಿನ_ಬಾಲ

ಚಪ್ಪಾಳೆ ಚಪ್ಪಾಳೆ ಅಂತೀರಲ್ಲ, 1998ರ ‘ಕ್ಯಾಟ್ಸ್’ನಲ್ಲಿ ಪ್ರೇಕ್ಷಕರೇ ಇಲ್ಲ! ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ, ಜನ ಇಲ್ಲದೆ, ಕ್ಯಾಮರಾಕ್ಕೋಸ್ಕರವೇ ಆಡಿದ್ದು. ಹಾಡು ಮುಗಿದ ಮೇಲೆ ಮೌನ. ಆದರೂ ನನಗೆ ಅದು ಅಚ್ಚುಮೆಚ್ಚು. ಚಿಕ್ಕವಳಿದ್ದಾಗ ಚಿಕ್ಕಪ್ಪ ತಂದುಕೊಟ್ಟ ಸಿಡಿ ಸವೆಯುವವರೆಗೆ ನೋಡಿದ್ದೇನೆ. ಹಾಗಾಗಿ ಗುಟ್ಟು ಚಪ್ಪಾಳೆಯಲ್ಲಿಲ್ಲ.

ಗುಟ್ಟು ಬೆಕ್ಕಿನಲ್ಲಿದೆ. ರಂಗದ ಮೇಲೆ ಅವರು ಬೆಕ್ಕುಗಳಲ್ಲ. ಮೈಗೆ ಅಂಟುವ ಬಟ್ಟೆ, ಉಣ್ಣೆ, ವಿಗ್, ಮುಖಕ್ಕೆ ಬಣ್ಣ. ಮನುಷ್ಯರು ಅಂತ ಮೊದಲ ಕ್ಷಣವೇ ಗೊತ್ತಾಗುತ್ತದೆ. ಆಮೇಲೆ ಒಬ್ಬಳು ಕತ್ತು ಓರೆ ಮಾಡಿ ನೋಡುತ್ತಾಳೆ. ಅಷ್ಟೇ, ಬೆಕ್ಕು. ಬೆಕ್ಕು ಮಾಡಿದ್ದು ಅವಳ ಕತ್ತು ಮತ್ತು ನನ್ನ ತಲೆ, ಇಬ್ಬರೂ ಸೇರಿ. 2019ರ ಸಿನಿಮಾದಲ್ಲಿ ನನ್ನ ತಲೆಗೆ ಕೆಲಸವೇ ಕೊಡಲಿಲ್ಲ. ಕಂಪ್ಯೂಟರಿನಲ್ಲಿ ಒಂದೊಂದು ಕೂದಲೂ ಬೆಳೆಸಿಬಿಟ್ಟರು. ಬಿಡುಗಡೆ ಆದ ಮೇಲೂ ಗ್ರಾಫಿಕ್ಸ್ ತಿದ್ದಿ ಥಿಯೇಟರುಗಳಿಗೆ ಹೊಸ ಪ್ರತಿ ಕಳಿಸಬೇಕಾಯಿತು, ನೆನಪಿದೆಯಾ? ಅಷ್ಟು ತಿದ್ದಿದರೂ ಅದು ಬೆಕ್ಕೂ ಆಗಲಿಲ್ಲ, ಮನುಷ್ಯರಾಗಿಯೂ ಉಳಿಯಲಿಲ್ಲ.

ಲಂಡನ್ನಿನಲ್ಲಿ ಉಣ್ಣೆ ಬಟ್ಟೆಯ ಬೆಕ್ಕುಗಳು 1981ರಿಂದ 2002ರವರೆಗೆ ಕುಣಿದವು. 21 ವರ್ಷ.


ಚೌಕಿಮನೆ

ಬೆಕ್ಕಿನ ಬಾಲದವರು ಹೇಳಿದ್ದಕ್ಕೆ ಕುಂದಾಪುರದ ಕಡೆಯಿಂದ ಒಂದು ಸೇರ್ಪಡೆ. ಯಕ್ಷಗಾನ ಈಗ ಯೂಟ್ಯೂಬಿನಲ್ಲಿ ಲೈವ್ ಬರುತ್ತದೆ, ರಾತ್ರಿಯಿಡೀ. ದುಬೈಯಲ್ಲಿರುವ ನಮ್ಮ ಮಾವ ಅದನ್ನು ನೋಡುತ್ತಲೇ ನಿದ್ದೆ ಹೋಗುತ್ತಾರೆ, ಬಯಲಿನಲ್ಲಿ ಕೂತು ನೋಡುವಾಗ ಹೋಗುತ್ತಿದ್ದ ಹಾಗೆಯೇ.

ಬಣ್ಣದ ವೇಷದ ಮುಖವರ್ಣಿಕೆ ದೂರದಿಂದ, ರಾತ್ರಿ ಬೆಳಕಿನಲ್ಲಿ ನೋಡಲು ಮಾಡಿದ್ದು. ಈಗ ಕ್ಯಾಮರಾ ಹತ್ತಿರ ಹೋಗುತ್ತದೆ. ಬಣ್ಣದ ಮೇಲೆ ಬೆವರು ಗೆರೆ ಎಳೆದಿರುವುದು ಕಾಣುತ್ತದೆ. ಮೊದಮೊದಲು ನನಗೆ ಕಸಿವಿಸಿ ಆಗುತ್ತಿತ್ತು, ರಾಕ್ಷಸನ ಗುಟ್ಟು ರಟ್ಟಾದ ಹಾಗೆ. ಈಗ ಇಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಅಷ್ಟು ಭಾರದ ಕಿರೀಟ ಹೊತ್ತು ಆತ ಗಿರಕಿ ಹೊಡೆಯುತ್ತಿದ್ದಾನೆ ಅಂತ ಆ ಬೆವರೇ ಹೇಳುತ್ತದೆ.

ಒಂದೇ ತಕರಾರು. ಕುಣಿತದ ಹೊತ್ತಿಗೆ ಕೆಲವರು ಮುಖಕ್ಕೆ ಜೂಮ್ ಹಾಕುತ್ತಾರೆ. ಪುಣ್ಯಾತ್ಮರೇ, ಕಾಲು ತೋರಿಸಿ! ಚೆಂಡೆ ನುಡಿಯುತ್ತಿರುವುದು ಮೂಗಿಗಲ್ಲ.


ಕಟ್_ಟು_ಕ್ಲೋಸಪ್

ಕಾಲು ತೋರಿಸಿ!! ಇದನ್ನು ಫ್ರೇಮ್ ಹಾಕಿಸಿ ಎಲ್ಲ ಕ್ಯಾಮರಾಮನ್‌ಗಳಿಗೆ ಹಂಚಬೇಕು.

‘ಹ್ಯಾಮಿಲ್ಟನ್’ನಲ್ಲೂ ಈ ತಪ್ಪು ಅಲ್ಲಲ್ಲಿ ಇದೆ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಗುಂಪಿನ ನರ್ತಕಿಯೊಬ್ಬಳನ್ನು “ಗುಂಡು” ಅಂತಲೇ ಅಭಿಮಾನಿಗಳು ಕರೆಯುತ್ತಾರೆ. ಅರಿಯಾನಾ ಡಿಬೋಸ್, ಆಮೇಲೆ ಇನ್ನೊಂದು ಸಿನಿಮಾಕ್ಕೆ ಆಸ್ಕರ್ ಗೆದ್ದವರು. ನಾಟಕದುದ್ದಕ್ಕೂ ಸಾವು ಹತ್ತಿರ ಬಂದಾಗಲೆಲ್ಲ ಅವಳು ಸುಳಿಯುತ್ತಾಳೆ. ಸಾಯುವವರ ಪಕ್ಕದಲ್ಲಿ ನಿಲ್ಲುತ್ತಾಳೆ, ಕೈ ಹಿಡಿಯುತ್ತಾಳೆ. ಕೊನೆಯ ದ್ವಂದ್ವಯುದ್ಧದಲ್ಲಿ ಗುಂಡಿನ ದಾರಿಯನ್ನು ನಿಧಾನವಾಗಿ ನಡೆದು ತೋರಿಸುವವಳೂ ಅವಳೇ. ಥಿಯೇಟರಿನಲ್ಲಿ ಕೂತವರಿಗೆ ಕಣ್ಣಿನ ಮೂಲೆಯಲ್ಲಿ ಅವಳು ಇದ್ದೇ ಇರುತ್ತಾಳೆ. ರೆಕಾರ್ಡಿಂಗಿನಲ್ಲಿ ಕ್ಯಾಮರಾ ನಾಯಕನ ಮುಖಕ್ಕೆ ಹೋದರೆ ಅವಳು ಇಲ್ಲ. ಮೂಲೆಯೇ ಇಲ್ಲ. ಇದು ನಷ್ಟ. ಮೇಷ್ಟ್ರ ಪಕ್ಷಕ್ಕೆ ಒಂದು ಓಟು.


ಜರ್ಸಿಯ_ಅಕ್ಕ

ಎಲ್ಲರೂ ಕಲೆಯ ಬಗ್ಗೆ ಮಾತಾಡ್ತಾ ಇದ್ದೀರ. ನಾನು ದುಡ್ಡಿನ ಬಗ್ಗೆ ಹೇಳ್ತೀನಿ, ಇಲ್ಲಿ ನದಿ ದಾಟಿದರೆ ಬ್ರಾಡ್‌ವೇ, ನ್ಯೂಯಾರ್ಕಿನ ದೊಡ್ಡ ನಾಟಕಗಳ ಕೇರಿ.

‘ಹ್ಯಾಮಿಲ್ಟನ್’ ಆಡುವ ಥಿಯೇಟರಿನಲ್ಲಿ ಇರುವುದು ಸುಮಾರು 1,300 ಸೀಟು. ವಾರಕ್ಕೆ ಎಂಟು ಆಟ. ಅಂದರೆ ವಾರಕ್ಕೆ ಹತ್ತು ಸಾವಿರ ಚಿಲ್ಲರೆ ಜನ. ಇಡೀ ಲೋಕಕ್ಕೆ ಅಷ್ಟೇ. 2016ರಲ್ಲಿ ಟಿಕೆಟ್ ಅನ್ನುವುದು ಚಿನ್ನ. ಒಂದು ಲಾಟರಿ ಇತ್ತು, ಗೆದ್ದರೆ ಹತ್ತು ಡಾಲರಿಗೆ ಸೀಟು, ಯಾಕಂದರೆ ಹತ್ತು ಡಾಲರಿನ ನೋಟಿನ ಮೇಲೆ ಇರುವ ಮುಖವೇ ಹ್ಯಾಮಿಲ್ಟನ್‌ನದು. ತಿಂಗಳುಗಟ್ಟಲೆ ಹೆಸರು ಹಾಕಿದೆ. ನಮ್ಮ ಮನೆದೇವರಿಗೂ ಹರಕೆ ಹೊತ್ತೆ, ನಾಚಿಕೆ ಇಲ್ಲ ನನಗೆ. ಬರಲಿಲ್ಲ.

ಆಮೇಲೆ 2018ರಲ್ಲಿ ಯಜಮಾನರು ಹುಟ್ಟುಹಬ್ಬಕ್ಕೆ ಅಂತ ಮೇಲಿನ ಬಾಲ್ಕನಿಯ ಕಡೇ ಸಾಲಿನಲ್ಲಿ ಎರಡು ಸೀಟು ಕೊಡಿಸಿದರು. ಅಷ್ಟು ಹೊತ್ತಿಗೆ ಮೂಲ ತಂಡದ ಮುಖ್ಯ ನಟರು ಯಾರೂ ಇರಲಿಲ್ಲ. ಲಿನ್-ಮ್ಯಾನುಯೆಲ್ ಮಿರಾಂಡಾ, ಲೆಸ್ಲಿ ಓಡಮ್, ಫಿಲಿಪಾ ಸೂ ಮೂವರೂ 2016ರ ಜುಲೈ 9ಕ್ಕೇ ಬಿಟ್ಟಿದ್ದರು, ಶೂಟ್ ಆಗಿ ಎರಡು ವಾರವೂ ತುಂಬುವ ಮೊದಲೇ. ಇಂಥ ಅದೃಷ್ಟ ಎಷ್ಟು ನಾಟಕಗಳಿಗೆ ಇರುತ್ತೆ ಹೇಳಿ? ಸ್ವಲ್ಪ ತಡ ಆಗಿದ್ದರೆ ಆ ತಂಡ ಹಾಡಿನ ಆಲ್ಬಮ್ಮಿನಲ್ಲಿ ಮಾತ್ರ ಉಳಿಯುತ್ತಿತ್ತು.

ಈಗ ತಮಾಷೆ ಕೇಳಿ. ರೆಕಾರ್ಡಿಂಗ್ ಬಂದಾಗ ಆಸೆಯಿಂದ ಕೂತೆ. ಎಲ್ಲ ಚೆನ್ನಾಗಿದೆ. ಆದರೆ ಹ್ಯಾಮಿಲ್ಟನ್‌ನನ್ನು ಗುಂಡು ಹೊಡೆದು ಕೊಂದ ಮೇಲೆ ಬರ್ ಪಾತ್ರದವನು ಮಾತಾಡುವ ಮೊದಲು, ನಾನು ನೋಡಿದ ರಾತ್ರಿಯ ನಟ ಒಂದು ಉಸಿರು ಜಾಸ್ತಿ ನಿಂತಿದ್ದ. ಇಡೀ ಥಿಯೇಟರು ಅವನ ಜೊತೆ ಉಸಿರು ಹಿಡಿದಿತ್ತು. ಓಡಮ್ ಹಾಗೆ ನಿಲ್ಲುವುದಿಲ್ಲ. ಓಡಮ್ ದೊಡ್ಡ ನಟ, ಆ ಪಾತ್ರಕ್ಕೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ ಟೋನಿ ಬಂದಿದೆ. ಆದರೂ ನನಗೆ “ಇದು ತಪ್ಪಾಯಿತು” ಅನ್ನಿಸುತ್ತದೆ, ಪ್ರತಿ ಸಲ. ಲೋಕಕ್ಕೆಲ್ಲ ಸರಿಯಾದ ಪ್ರತಿ ಅದು. ನನ್ನ ಪ್ರತಿ ಎಲ್ಲೂ ಇಲ್ಲ. ಆ ನಟನೂ ಅದನ್ನು ಮರೆತಿರಬಹುದು.


ಹಾರ್ಮೋನಿಯಂ_ಮೇಷ್ಟ್ರು

ತಾಯಿ, ನಾನು ಹೇಳಬೇಕೆಂದಿದ್ದನ್ನು ನೀವೇ ಹೇಳಿದಿರಿ.


ಸುಮ್ನೆ_ಓದುವವ

ನನ್ನಂಥ ಬಡಪಾಯಿಗಳ ದಾರಿ ಬೇರೆ. ಯೂಟ್ಯೂಬಿನಲ್ಲಿ “ಸ್ಲೈಮ್ ಟ್ಯುಟೋರಿಯಲ್” ಅಂತ ಹುಡುಕಿ. ಅಂಟು ಮಾಡುವುದು ಹೇಗೆ ಅಂತ ಹೆಸರು, ಒಳಗೆ ನೋಡಿದರೆ ಯಾರೋ ಜೇಬಿನಲ್ಲಿ ಫೋನ್ ಇಟ್ಟು ಕದ್ದು ಶೂಟ್ ಮಾಡಿದ ಬ್ರಾಡ್‌ವೇ ನಾಟಕ. ಕಂಪನಿಗಳ ಕಣ್ಣು ತಪ್ಪಿಸಲು ಈ ಹೆಸರು.


ಬೆಕ್ಕಿನ_ಬಾಲ

ಅಯ್ಯೋ, ಅದನ್ನು ಇಲ್ಲಿ ಡಂಗುರ ಸಾರಬೇಡಿ ಮಾರಾಯ್ರೆ. ಮುಂದಿನವರ ತಲೆ ಅರ್ಧ ಪರದೆ, ಪಕ್ಕದವರ ಕೆಮ್ಮು ಡಾಲ್ಬಿಯಲ್ಲಿ. ಎದುರಿಗೆ ಆಡುತ್ತಿರುವವರಿಗೂ ಕಿರಿಕಿರಿ.


ಜರ್ಸಿಯ_ಅಕ್ಕ

ಕದ್ದದ್ದು ತಪ್ಪೇ. ಆದರೆ ಬೇಜಾರು ಏನಂದರೆ, ಸರಿಯಾಗಿ ಶೂಟ್ ಮಾಡಿದ್ದು ಬೇಕಾದಷ್ಟು ಇದೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಲಿಂಕನ್ ಸೆಂಟರ್ ಶಾಖೆಯಲ್ಲಿ ಒಂದು ಭಂಡಾರ ಇದೆ. 1970ರಲ್ಲಿ ಬೆಟ್ಟಿ ಕಾರ್ವಿನ್ ಅನ್ನುವ ಹೆಣ್ಣುಮಗಳು ಶುರು ಮಾಡಿದ್ದು. ಅವತ್ತಿನಿಂದ ಬ್ರಾಡ್‌ವೇ ನಾಟಕಗಳನ್ನು ಶೂಟ್ ಮಾಡಿ ಇಡುತ್ತಾ ಬಂದಿದ್ದಾರೆ. ಆದರೆ ಅಲ್ಲಿಗೇ ಹೋಗಬೇಕು, ಅಧ್ಯಯನಕ್ಕೆ ಅಂತ ಕಾರಣ ಕೊಡಬೇಕು, ಅಲ್ಲೇ ಕೂತು ನೋಡಬೇಕು. ಹೊರಗೆ ತರುವ ಹಾಗಿಲ್ಲ. ಓದುವಾಗ ನಾನು ಒಮ್ಮೆ ಹೋಗಿದ್ದೆ. ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಸಣ್ಣ ಪರದೆ ಮುಂದೆ ಕೂತು ಅತ್ತೆ. ಪಕ್ಕದಲ್ಲಿ ಇನ್ನೊಬ್ಬ ಬೇರೆ ಯಾವುದೋ ನೋಡಿ ನಗುತ್ತಿದ್ದ.


ಕೊನೆಸಾಲಿನ_ಸೀಟು

ಅಕ್ಕ, ಹಾಗಾದರೆ ಬಿಡುಗಡೆ ಮಾಡಲು ಏನು ಧಾಡಿ? ಒಟಿಟಿಯವರು ಕಾದು ಕೂತಿದ್ದಾರಲ್ಲ.


ಕಟ್_ಟು_ಕ್ಲೋಸಪ್

ಕಾಗದಪತ್ರ. ರಂಗನಟರ ಸಂಘ ಒಂದು, ಪರದೆ ನಟರ ಸಂಘ ಇನ್ನೊಂದು, ವಾದ್ಯದವರದು ಮತ್ತೊಂದು, ರಂಗದ ಹಿಂದೆ ದುಡಿಯುವವರದು ಬೇರೆ. ಬರೆದವರು, ಸಂಗೀತ ಮಾಡಿದವರು, ನೃತ್ಯ ಹೇಳಿಕೊಟ್ಟವರು, ಬೆಳಕು, ಬಟ್ಟೆ, ಎಲ್ಲರ ಹಕ್ಕೂ ಬೇರೆ ಬೇರೆ. 2020ರಲ್ಲಿ, ಥಿಯೇಟರುಗಳೆಲ್ಲ ಮುಚ್ಚಿದ್ದಾಗ, ಶೂಟ್ ಮಾಡಿದ ನಾಟಕ ಯಾರ ವ್ಯಾಪ್ತಿಗೆ ಬರುತ್ತದೆ ಅಂತ ಆ ಎರಡು ನಟರ ಸಂಘಗಳೇ ಬಹಿರಂಗವಾಗಿ ಜಗಳ ಆಡಿಕೊಂಡವು. ಎಲ್ಲರಿಗೂ ಕೊಟ್ಟು ಲಾಭ ಬರಬೇಕಾದರೆ ನಾಟಕ ದೊಡ್ಡದಿರಬೇಕು. ‘ಹ್ಯಾಮಿಲ್ಟನ್’ಗೆ ಡಿಸ್ನಿ ಏಳೂವರೆ ಕೋಟಿ ಡಾಲರ್ ಕೊಟ್ಟಿತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಸಣ್ಣ ನಾಟಕಕ್ಕೆ ಯಾರು ಕೊಡುತ್ತಾರೆ?

ಟಿಕೆಟ್ ಮಾರಾಟ ಬಿದ್ದುಹೋಗುತ್ತೆ ಅನ್ನುವ ಹೆದರಿಕೆಯೂ ಇದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ‘ಫ್ಯಾಂಟಮ್’ ರೆಕಾರ್ಡಿಂಗ್ ಬಂದದ್ದು 2011ರಲ್ಲಿ, ನ್ಯೂಯಾರ್ಕಿನಲ್ಲಿ ನಾಟಕ ನಿಂತದ್ದು 2023ರಲ್ಲಿ.


ಬೆಕ್ಕಿನ_ಬಾಲ

‘ಲೆ ಮಿಸರಾಬ್ಲ’ದ ವಿಷಯ ಹೇಳಿ ಯಾರಾದರೂ. ಅದು ನನ್ನ ಹೊಟ್ಟೆ ಉರಿಸುತ್ತದೆ. 1985ರ ಮೂಲ ರಂಗರೂಪದಲ್ಲಿ ತಿರುಗುವ ನೆಲ ಇತ್ತು. ಬಂಡೆದ್ದ ಹುಡುಗರು ಬೀದಿಗೆ ಅಡ್ಡ ಕಟ್ಟಿದ ಬ್ಯಾರಿಕೇಡ್ ತಿರುಗಿದಾಗ ಹಿಂದೆ ಅವರು ಸತ್ತು ಬಿದ್ದಿರುವುದು ಕಾಣುತ್ತಿತ್ತು. ಲಂಡನ್ನಿನಲ್ಲಿ ಆ ರೂಪ 2019ರಲ್ಲಿ ನಿಂತುಹೋಯಿತು. ಮಾರುಕಟ್ಟೆಗೆ ಬಂದಿರುವುದೆಲ್ಲ ಸಂಗೀತ ಕಛೇರಿ ರೂಪದ್ದು. ವೇಷ ಹಾಕಿಕೊಂಡು ಮೈಕ್ ಮುಂದೆ ಸಾಲಾಗಿ ನಿಂತು ಹಾಡುವುದು. ಆ ತಿರುಗುವ ಬ್ಯಾರಿಕೇಡ್ ನೋಡಿದವರ ಕಣ್ಣಿನಲ್ಲಿ ಮಾತ್ರ ಇದೆ ಈಗ.


ಚೌಕಿಮನೆ

ಗುಬ್ಬಿ ಕಂಪನಿ ರಂಗದ ಮೇಲೆ ಆನೆ ಕುದುರೆ ತಂದಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಅವರ ಹತ್ತಿರ ಉಳಿದಿದ್ದು ಎರಡು ಗ್ರಾಮಫೋನ್ ಪ್ಲೇಟು. ಅದರಲ್ಲಿ ಆನೆ ಇಲ್ಲ.


ಕಟ್_ಟು_ಕ್ಲೋಸಪ್

ನಾನು ಮೊದಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ‘ಕಮ್ ಫ್ರಮ್ ಅವೇ’ ನೋಡಿದ್ದೀರಾ?

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ 38 ವಿಮಾನಗಳು ಕೆನಡಾದ ಗ್ಯಾಂಡರ್ ಅನ್ನುವ ಪುಟ್ಟ ಊರಿನಲ್ಲಿ ಇಳಿದವು. ಸುಮಾರು ಏಳು ಸಾವಿರ ಜನ ಒಮ್ಮೆಲೇ ಬಂದರು. ಊರಿನವರು ಅವರಿಗೆ ಊಟ, ಹಾಸಿಗೆ, ಬಟ್ಟೆ ಕೊಟ್ಟು ನೋಡಿಕೊಂಡ ಕಥೆ. ಈಗ ಇದನ್ನು ಸಿನಿಮಾ ಮಾಡಿದರೆ ಏನು ಮಾಡುತ್ತಾರೆ? 38 ವಿಮಾನ ನಿಲ್ಲಿಸುತ್ತಾರೆ, ಏಳು ಸಾವಿರ ಜನರನ್ನು ಕರೆಸುತ್ತಾರೆ, ಮೇಲೆ ಡ್ರೋನ್ ಹಾರಿಸುತ್ತಾರೆ.

ನಾಟಕದಲ್ಲಿ ಇರುವುದು 12 ನಟರು, ಒಂದಿಷ್ಟು ಕುರ್ಚಿ, ಎರಡು ಮೇಜು. ಕುರ್ಚಿಗಳನ್ನು ಎರಡೆರಡಾಗಿ ಜೋಡಿಸಿದರೆ ವಿಮಾನ. ಅದೇ ಕುರ್ಚಿ ತಿರುಗಿಸಿದರೆ ಬಸ್ಸು. ಇನ್ನೊಮ್ಮೆ ತಿರುಗಿಸಿದರೆ ಹೋಟೆಲು. ಟೋಪಿ ಹಾಕಿದರೆ ಊರಿನ ಪೊಲೀಸ್, ತೆಗೆದರೆ ಪ್ರಯಾಣಿಕ. ಹೀಗೆ ಒಬ್ಬೊಬ್ಬರು ಎಷ್ಟೋ ಜನ ಆಗುತ್ತಾರೆ. ಊರಿನವರು ಯಾರು, ಹೊರಗಿನವರು ಯಾರು ಅನ್ನುವುದು ಒಂದು ಜಾಕೆಟಿನ ವ್ಯತ್ಯಾಸ. ಕಥೆ ಹೇಳುತ್ತಿರುವುದೂ ಅದನ್ನೇ ಅಲ್ವಾ? ಏಳು ಸಾವಿರ ಜನರನ್ನು ತೋರಿಸಿದರೆ ಆ ಮಾತು ಸತ್ತುಹೋಗುತ್ತದೆ.

ಇದನ್ನು ಶೂಟ್ ಮಾಡಿದ್ದು 2021ರ ಮೇ ತಿಂಗಳಿನಲ್ಲಿ. 2020ರ ಮಾರ್ಚ್ 12ರಿಂದ ಬ್ರಾಡ್‌ವೇ ಬೀಗ ಹಾಕಿತ್ತು, ಆಗಲೂ ತೆರೆದಿರಲಿಲ್ಲ. ನಟರು ವರ್ಷದ ಮೇಲೆ ಆ ರಂಗ ಹತ್ತಿದ್ದರು. ಮುಂದೆ ಕೂತವರಲ್ಲಿ ಸೆಪ್ಟೆಂಬರ್ 11ರ ದಾಳಿಯಲ್ಲಿ ಬದುಕುಳಿದವರು, ಕೊರೊನಾದಲ್ಲಿ ದುಡಿದ ಆಸ್ಪತ್ರೆಯವರು ಇದ್ದರು. ಅವರು ನಕ್ಕಾಗ ನಟರ ಮುಖ ನೋಡಿ. ಆ ಮುಖವನ್ನು ಯಾವ ನಿರ್ದೇಶಕನೂ ಹೇಳಿ ಮಾಡಿಸಲು ಆಗುವುದಿಲ್ಲ.

ಸಿನಿಮಾ ಕ್ಯಾಮರಾ ನಿಜವಾದ ವಿಮಾನ ಕೇಳುತ್ತದೆ. ರಂಗ ಕುರ್ಚಿ ಕೊಡುತ್ತದೆ. ಒಳ್ಳೆಯ ರೆಕಾರ್ಡಿಂಗ್ ಮಾಡುವವರು ಕುರ್ಚಿಯನ್ನು ಕುರ್ಚಿಯಾಗಿಯೇ ತೋರಿಸುತ್ತಾರೆ, ಅದರ ಬಣ್ಣ ಕಿತ್ತುಹೋಗಿದ್ದರೂ. ನಿಮ್ಮ ಬೀಳದ ಗೊಂಚಲೂ ಇದೇ ಜಾತಿ.


ಹಾರ್ಮೋನಿಯಂ_ಮೇಷ್ಟ್ರು

ಮೊಮ್ಮಗಳು ಹುಡುಕಿ ಕೊಟ್ಟಳು. 1995ರ ಅಕ್ಟೋಬರಿನಲ್ಲಿ ಆಲ್ಬರ್ಟ್ ಹಾಲಿನಲ್ಲಿ ನಡೆದ ‘ಲೆ ಮಿಸರಾಬ್ಲ’ದ ಹತ್ತನೇ ವರ್ಷದ ಕಾರ್ಯಕ್ರಮ ನೋಡಿದೆ. ಬೆಕ್ಕಿನ ಬಾಲದವರು ಬೈದ ಮೈಕ್ ಮುಂದಿನ ಹಾಡುಗಾರಿಕೆಯೇ. ನಮಗೆ ಅದೇ ಅಭ್ಯಾಸ ಬಿಡಿ, ಕಂಪನಿ ನಾಟಕದಲ್ಲೂ ಮೈಕ್ ಬಂದ ಮೇಲೆ ಎಲ್ಲರೂ ಅದರ ಕೆಳಗೇ ಬಂದು ನಿಲ್ಲುತ್ತಿದ್ದರು.

ಕೊನೆಗೆ ಬೇರೆ ಬೇರೆ ದೇಶಗಳಲ್ಲಿ ಅದೇ ನಾಯಕನ ಪಾತ್ರ ಮಾಡಿದ 17 ಜನ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಭಾಷೆಯಲ್ಲಿ ಒಂದೊಂದು ಸಾಲು ಹಾಡಿದರು. ಒಬ್ಬನ ಗಂಟಲು ಸ್ವಲ್ಪ ಕಟ್ಟಿತ್ತು ಅನ್ನಿಸಿತು. ಒಬ್ಬ ದಪ್ಪ, ಒಬ್ಬ ಸಣಕಲ. 17 ಜನ ಒಂದೇ ಮನುಷ್ಯ. ನಾನು ರಿಮೋಟ್ ಕೆಳಗಿಟ್ಟೆ.

ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಊಟದ ಎಲೆ ಕಂಡಿತು, ಹೊಟ್ಟೆ ತುಂಬಲಿಲ್ಲ. ಆದರೆ ಮಧ್ಯರಾತ್ರಿ ಪೆಟ್ಟಿಗೆ ತೆಗೆದು ಆ ಮಟ್ಟು ಹುಡುಕುತ್ತಾ ಕೂತಿದ್ದೆ. ಮನೆಯವರು ಬೈದರು.


ಸುಮ್ನೆ_ಓದುವವ

ಮೇಷ್ಟ್ರೇ, ಅದಕ್ಕೇ ಒನ್ಸ್ ಮೋರ್ ಅನ್ನೋದು.

ನಾನು ಹೊಸಬ. ಎಲ್ಲಿಂದ ಶುರು ಮಾಡಲಿ? ಫೋನಿನಲ್ಲಿ ನೋಡಿದರೆ ನಡೆಯುತ್ತಾ?


ಕಟ್_ಟು_ಕ್ಲೋಸಪ್

ಫೋನಿನಲ್ಲಿ ಬೇಡ. ದೂರದ ಶಾಟಿನಲ್ಲಿ ನಟರು ಇರುವೆಗಳಾಗುತ್ತಾರೆ. ಟಿವಿ ಇದ್ದರೆ ಟಿವಿ, ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಇಂಗ್ಲಿಷಿನವರೇ ಹಾಕಿಕೊಳ್ಳುತ್ತಾರೆ. ಮಾಲ್‌ನ ಥಿಯೇಟರಿಗೆ ಹೋಗುವುದಾದರೆ ಎಚ್ಚರ. ನಾನು ಒಮ್ಮೆ ಹೋದಾಗ ಎಡಗಡೆಯ ಸ್ಪೀಕರ್ ಮಾತ್ರ ಹಾಡುತ್ತಿತ್ತು. ಹೇಳಿದರೆ “ನಾಟಕ ಅಲ್ವಾ ಸಾರ್, ಹಾಗೇ ಇರುತ್ತೆ” ಅಂದರು.

ಮೊದಲು ‘ಕಮ್ ಫ್ರಮ್ ಅವೇ’. ಆಮೇಲೆ ‘ಹ್ಯಾಮಿಲ್ಟನ್’.


ಜರ್ಸಿಯ_ಅಕ್ಕ

ಹಳೆಯದು ಬೇಕಾದರೆ 1982ರ ‘ಸ್ವೀನಿ ಟಾಡ್’ ಬಿಡಬೇಡಿ. ಆಂಜೆಲಾ ಲ್ಯಾನ್ಸ್‌ಬರಿ ಮನುಷ್ಯರ ಮಾಂಸದ ಪೈ ಮಾಡುವ ಅಂಗಡಿಯವಳು. ಚಿತ್ರ ಮಸುಕು, ಆದರೆ ಆಕೆ ಹಿಟ್ಟು ತಟ್ಟುವುದು ನೋಡಿದರೆ ಆ ರಾತ್ರಿ ಊಟ ಸೇರುವುದಿಲ್ಲ.


ಕೊನೆಸಾಲಿನ_ಸೀಟು

ನಿನ್ನೆ ಭಾನುವಾರ. ಅಮ್ಮನಿಗೆ ಈ ಚರ್ಚೆ ಓದಿ ಹೇಳಿದೆ. ಉಗುಳಿನ ಮಾತು ಬಂದಾಗ ನಕ್ಕರು. “ಇನ್ನೊಂದು ಸಲ ಹಾಕು ಅದನ್ನ” ಅಂದರು.

ಹಾಕಿದೆ. ರಾಜ ಬಂದ, ಹಾಡಿದ, ಎಂಜಲು ಇಳಿಯಿತು, ಹೋದ. ಅಮ್ಮ ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಅವನು ಮತ್ತೆ ಬರುತ್ತಾನಾ ಅಂತ ಕೇಳಿದರು. ಒಟ್ಟು ಮೂರು ಹಾಡು ಇದೆ ಅಂದೆ. ಯುದ್ಧ ಮುಗಿಯುವವರೆಗೆ ಅರ್ಥ ಆಗದ ಇಂಗ್ಲಿಷ್ ಕೇಳುತ್ತಾ ಕಾದರು. ಎರಡನೇ ಹಾಡಿಗೆ ಅವನು ಬಂದಾಗ ಕನ್ನಡಕ ಸರಿ ಮಾಡಿಕೊಂಡು ಟಿವಿ ಹತ್ತಿರ ಹೋಗಿ ಗಲ್ಲವನ್ನೇ ನೋಡಿದರು.

“ಒರೆಸ್ಕೊಂಡಿದಾನೆ” ಅಂದರು. “ಒಳಗಡೆ ಯಾರೋ ಟವೆಲ್ ಕೊಟ್ಟಿರಬೇಕು.”